ಸಂಚಾರದ ಮನೆಗೆ ಬೆಳಕು

ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಒಳಗೆ ಸಾಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಅಲ್ಲಿ ಕೆರೆಯ ಬಳಿ ಹೊಯ್ಸಳರ ಕಾಲದ ಲಕ್ಷ್ಮೀದೇವಿಯ ದೇವಾಲಯವಿದೆ. 12ನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದವರು ಅರಸರಲ್ಲ. ಒಬ್ಬ ವರ್ತಕ ಮತ್ತು ಅವನ ಪತ್ನಿ. ಸರಕು ಹೇರಿಕೊಂಡು ಊರೂರು ಸುತ್ತುತ್ತಿದ್ದ ಅಂದಿನ ವರ್ತಕರು ದೀಪದ ಎಣ್ಣೆಯನ್ನೂ ಜೊತೆಯಲ್ಲಿಯೇ ಒಯ್ಯಬೇಕಾಗಿತ್ತು. ನಮ್ಮ ಅಜ್ಜಂದಿರ ಕಮಾನು ಗಾಡಿಯ ಕೆಳಗೂ ಒಂದು ಲಾಂದ್ರ ತೂಗಾಡುತ್ತಿತ್ತು. ಇಂದು ಮಂಚ, ಅಡಿಗೆಯ ಕಟ್ಟೆ, ನೀರಿನ ತೊಟ್ಟಿಗಳುಳ್ಳ ವಸತಿ ವಾಹನಗಳಲ್ಲಿ ಪ್ರವಾಸ ಮಾಡುವವರಿದ್ದಾರೆ. ಅವರು ಒಯ್ಯುವುದು ವಿದ್ಯುಚ್ಛಕ್ತಿಯನ್ನು. ಅದನ್ನು ಯಾವ ಬಗೆಯ ಬ್ಯಾಟರಿಯಲ್ಲಿ ತುಂಬಿಕೊಂಡು ಹೊರಡುವುದು ಲೇಸು?

ಮಳೆಗಾಲದಲ್ಲಿ ಒಂದು ಕುಟುಂಬವು ಈ ಸೀಮೆಯಲ್ಲಿ ಎರಡು ರಾತ್ರಿ ತಂಗುವುದೆಂದು ಭಾವಿಸೋಣ. ಜೊತೆಯಲ್ಲಿ ಮಧುಮೇಹವುಳ್ಳ ಅಜ್ಜಿಯಿದ್ದಾರೆ. ಅವರ ಇನ್ನೂ ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡಬೇಕು. ಅದಕ್ಕಾಗಿ ಇಟ್ಟ ಚಿಕ್ಕ ಫ್ರಿಜ್ಜು ದಿನವೊಂದಕ್ಕೆ ಸುಮಾರು 500 ವ್ಯಾಟ್-ಗಂಟೆಗಳಷ್ಟು ಶಕ್ತಿಯನ್ನು ಬಳಸುತ್ತದೆ. 25 ವ್ಯಾಟ್‌ನ ಫ್ಯಾನು 8 ಗಂಟೆ ತಿರುಗಿದರೆ 200, ದೀಪಗಳಿಗೆ 100, ನೀರಿನ ಪಂಪು, ದೂರವಾಣಿ ಮುಂತಾದವುಗಳಿಗೆ 200. ಒಟ್ಟು 1,000 ವ್ಯಾಟ್-ಗಂಟೆಗಳಾದವು. ಹವಾನಿಯಂತ್ರಣದ ಮಾತನ್ನು ಇಲ್ಲಿ ಎತ್ತುವುದು ಬೇಡ. ಅದೊಂದೇ ಇವೆಲ್ಲವನ್ನೂ ನುಂಗಿಬಿಡುತ್ತದೆ.

ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ನಿರ್ಮಿಸಿದನು. ಇಂಜಿನ್ನನ್ನು ಚಾಲನೆಗೊಳಿಸಲು ಇಂದಿಗೂ ಬಹುಪಾಲು ವಾಹನಗಳಲ್ಲಿ ಇರುವುದು ಇದೇ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1,200 ವ್ಯಾಟ್-ಗಂಟೆಗಳಿರುತ್ತವೆ. ಆದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಾ ಹೋದರೆ ಅದರ ಆಯುಸ್ಸು ಬೇಗ ಕುಗ್ಗುತ್ತದೆ. ಆದುದರಿಂದ ನಮ್ಮ ಕುಟುಂಬಕ್ಕೆ ಒಂದಲ್ಲ, ಎರಡು ಬ್ಯಾಟರಿ ಬೇಕು. ಅವುಗಳ ತೂಕವೇ 50 ಕಿಲೋಗ್ರಾಂ ದಾಟುತ್ತದೆ.

ಲಿಥಿಯಂ ಲೋಹಗಳಲ್ಲೆಲ್ಲ ಹಗುರವಾದುದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಬಳಿಯೂ ಅದರ ನಿಕ್ಷೇಪವನ್ನು ಗುರುತಿಸಿದ್ದಾರೆ. ಲಿಥಿಯಂ ಅಯಾನು ಬ್ಯಾಟರಿಗಳು 1991ರಲ್ಲಿ ಮಾರುಕಟ್ಟೆಗೆ ಬಂದವು. ಅವುಗಳ ಬೆಳವಣಿಗೆಗೆ ಕಾರಣರಾದ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಲಿಥಿಯಂ ಬ್ಯಾಟರಿಗಳೆಲ್ಲ ಒಂದೇ ಬಗೆಯವಲ್ಲ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್‌ಗಳನ್ನು ಬಳಸಿದ ಬಗೆಯು ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುತ್ತದೆ. ಆದರೆ ಅದು ಮಿತಿಮೀರಿ ಕಾದಾಗ ಅದರೊಳಗಿನ ವಸ್ತುವು ಆಮ್ಲಜನಕವನ್ನು ಹೊರಬಿಟ್ಟು ತಾನೇ ಬೆಂಕಿಗೆ ಸಹಾಯಕವಾಗುತ್ತದೆ. ಕಬ್ಬಿಣದ ಫಾಸ್ಫೇಟನ್ನು ಬಳಸಿದ ಬಗೆಯಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದಿರುವುದರಿಂದ ಅಷ್ಟು ಸುಲಭವಾಗಿ ಬಿಡುಗಡೆಯಾಗದು. ಅಪಾಯವೇ ಇಲ್ಲವೆಂದಲ್ಲ, ಕಡಿಮೆ. ವಸತಿ ವಾಹನದಲ್ಲಿ ಬ್ಯಾಟರಿಯ ಸ್ಥಾನ ಸಾಮಾನ್ಯವಾಗಿ ಮಲಗುವ ಮಂಚದ ಕೆಳಗೇ ಇರುತ್ತದೆ. ಅದರ ಮೇಲೆ ಅಜ್ಜಿ ನಿದ್ರಿಸುತ್ತಿರುವಾಗ ನಾಲ್ಕಾರು ಕಿಲೋಗ್ರಾಂ ಉಳಿಸುವ ಆಸೆಗೆ ಮೊದಲನೆಯ ಬಗೆಯನ್ನು ಆರಿಸುವುದು ಜಾಣತನವೆನಿಸದು.

ಕಬ್ಬಿಣದ ಫಾಸ್ಫೇಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯು 12.8 ವೋಲ್ಟ್ ಒತ್ತಡದಲ್ಲಿ 1,280 ವ್ಯಾಟ್-ಗಂಟೆಗಳನ್ನು ಹಿಡಿಯುತ್ತದೆ. ಅದರಲ್ಲಿ ಶೇಕಡ 80ರಷ್ಟನ್ನು, ಎಂದರೆ 1,024 ವ್ಯಾಟ್-ಗಂಟೆಗಳನ್ನು, ಅಳುಕಿಲ್ಲದೆ ಬಳಸಬಹುದು. ತೂಕ ಸುಮಾರು 12 ಕಿಲೋಗ್ರಾಂ. ಬೆಲೆ ಸೀಸದ್ದಕ್ಕಿಂತ ಹೆಚ್ಚು, ನಿಜ. ಆದರೆ ಸೀಸದ್ದು ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ದಣಿದರೆ, ಇದು ಎರಡು ಸಾವಿರಕ್ಕೂ ಹೆಚ್ಚು ಸಲ ತಾಳುತ್ತದೆ.

ಬರಿದಾದುದು ತುಂಬುವ ಬಗೆ ಹೇಗೆ? ಪರೀಕ್ಷೆ ಇರುವುದು ಇಲ್ಲಿಯೇ. ಛಾವಣಿಯ ಮೇಲಿನ 200 ವ್ಯಾಟ್‌ನ ಸೌರಫಲಕವು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 700 ವ್ಯಾಟ್-ಗಂಟೆಗಳಷ್ಟು ಕೊಡಬಲ್ಲುದು. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಆಷಾಢದ ಮೋಡ ಕವಿದಾಗ 250 ದೊರೆತರೆ ಪುಣ್ಯ. (ವಾಹನಕ್ಕೆ ಮರದ ನೆರಳು ಬೇಕು, ಫಲಕಕ್ಕೆ ಬೇಡ, ಈ ಜಗಳ ಬೇಸಗೆಯಲ್ಲಿಯೂ ತಪ್ಪದು.) ಸೀಸದ ಬ್ಯಾಟರಿಯನ್ನು ಹೀಗೆ ಅರೆಬರೆ ತುಂಬಿದ ಸ್ಥಿತಿಯಲ್ಲಿಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂಡುತ್ತದೆ, ಕ್ರಮೇಣ ಶಕ್ತಿಯನ್ನು ಹಿಡಿಯುವ ಸಾಮರ್ಥ್ಯವೇ ಕುಂದುತ್ತದೆ. ಅದನ್ನು ಪೂರ್ತಿ ತುಂಬಲು ಅವಸರವೂ ಸಲ್ಲದು. ಕೊನೆಯ ಐದನೆಯ ಒಂದು ಭಾಗಕ್ಕೇ ಹಲವು ಗಂಟೆಗಳು ಹಿಡಿಯುತ್ತವೆ. ಕಬ್ಬಿಣದ ಫಾಸ್ಫೇಟಿಗೆ ಈ ಎರಡು ತೊಡಕುಗಳೂ ಇಲ್ಲ. ಅರ್ಧ ತುಂಬಿದ್ದರೂ ಅದಕ್ಕೆ ಕೇಡಿಲ್ಲ, ಕೊಟ್ಟಷ್ಟನ್ನು ಬೇಗನೆ ಸ್ವೀಕರಿಸುತ್ತದೆ. ಎಷ್ಟು ಬೇಗನೆ ಎಂದರೆ, ಇಂಜಿನ್ನಿನ ವಿದ್ಯುಜ್ಜನಕಕ್ಕೆ ನೇರವಾಗಿ ಜೋಡಿಸಿದರೆ ಅದು ಮಿತಿಮೀರಿ ಪ್ರವಾಹವನ್ನು ಸೆಳೆದು ವಿದ್ಯುಜ್ಜನಕವನ್ನೇ ಕಾಯಿಸಿ ಕೆಡಿಸಬಹುದು. ಆದುದರಿಂದ ನಡುವೆ ಪ್ರವಾಹವನ್ನು ಹದದಲ್ಲಿಡುವ ಒಂದು ಚಾರ್ಜರನ್ನು ಇಡುತ್ತಾರೆ.

ಆ ಚಾರ್ಜರು 30 ಆಂಪಿಯರ್‌ನದೆನ್ನೋಣ. ಒಂದು ಗಂಟೆಯ ಪ್ರಯಾಣದಲ್ಲಿ ಅದು 375 ವ್ಯಾಟ್-ಗಂಟೆಗಳಿಗೆ ಕಡಿಮೆಯಿಲ್ಲದಂತೆ ತುಂಬುತ್ತದೆ. ಮರುದಿನ ನಮ್ಮ ಪ್ರವಾಸಿಗಳು ಹಳೇಬೀಡು, ಬೇಲೂರುಗಳನ್ನು ನೋಡಿ ಬರುವಾಗ ಇಂಜಿನ್ನು ಒಟ್ಟು ಎರಡು ಗಂಟೆ ಓಡಿದರೆ 750; ಮೋಡದ ಮರೆಯ ಸೂರ್ಯನಿಂದ 250. ಹಿಂದಿನ ದಿನದ ವೆಚ್ಚ ಸರಿಹೋಯಿತು. ಮಳೆ ಬಿಡದೆ, ದಾರಿ ಕೆಟ್ಟು, ವಾಹನವು ನಿಂತಲ್ಲಿಯೇ ನಿಂತಿತೆನ್ನಿ; ಆಗ ಫ್ಯಾನನ್ನು ನಿಲ್ಲಿಸಿ, ಒಂದೇ ದೀಪ ಉರಿಸಿ, ಉಳಿದುದನ್ನೆಲ್ಲ ಇನ್ಸುಲಿನ್ ಇರುವ ಫ್ರಿಜ್ಜಿಗೆ ಮೀಸಲಿಡಬೇಕಾಗುತ್ತದೆ.