ಜಿಂಕೆಗೆ ಯಾವ ತೋಟಾ?

ಬೈರಮಂಗಲದ ಸುತ್ತ, ಬಿಡದಿಯಿಂದ ಹಾರೋಹಳ್ಳಿ ದಾಟಿ ಕನಕಪುರದವರೆಗೆ, ಜಿಂಕೆ ಹೊಡೆಯಲು ಯಾವ ತೋಟಾ ಸರಿ ಎಂದು ಕೇಳಿದರೆ ಕಾನೂನಿನ ಉತ್ತರ ಚಿಕ್ಕದು: ಯಾವುದೂ ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಲೈಸೆನ್ಸ್ ಪಡೆದು ಶಿಕಾರಿ ಮಾಡುವ ಕಿಂಡಿಯೊಂದು ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನು ಹೊಡೆದರೂ ಅಪರಾಧವೇ. ಕೊಲ್ಲುವುದಿರಲಿ, ಗಾಯ ಮಾಡಿದರೂ ಅದು ಬೇಟೆಯ ಲೆಕ್ಕಕ್ಕೇ ಸೇರುತ್ತದೆ. ಇಷ್ಟಾದ ಮೇಲೂ ತೋಟಾದ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಕಾಯ್ದೆಯ 11ನೇ ಕಲಂ ಒಂದು ಬಾಗಿಲನ್ನು ತೆರೆದಿಟ್ಟಿದೆ. ಕಾಡುಪ್ರಾಣಿ ಮನುಷ್ಯರ ಜೀವಕ್ಕೆ, ಕೆಲವು ಪ್ರಾಣಿಗಳ ವಿಷಯದಲ್ಲಿ ಹೊಲದಲ್ಲಿ ನಿಂತ ಬೆಳೆಗೂ ಕಂಟಕವಾದರೆ, ಕಾರಣ ಬರೆದು, ಹೊಡೆಯಲು ಲಿಖಿತ ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಗಿದೆ. 2022ರಲ್ಲಿ ಕೇರಳ ಈ ಅಧಿಕಾರವನ್ನು ಕಾಡುಹಂದಿಯ ಮಟ್ಟಿಗೆ ಪಂಚಾಯಿತಿ ಅಧ್ಯಕ್ಷರ ಕೈಗೇ ಕೊಟ್ಟಿತು. ರಾಗಿ, ಜೋಳ, ಕಡಲೆಕಾಯಿಗೆ ಹಂದಿ ನುಗ್ಗುವ ನಮ್ಮ ಕಡೆಯ ರೈತರಿಗೂ ಆ ಸುದ್ದಿ ಹೊಸದಲ್ಲ. ಯಾರು ಹೊಡೆಯಬಹುದು, ಯಾವ ಪ್ರಾಣಿಯನ್ನು ಹೊಡೆಯಬಹುದು ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಯಾವುದರಿಂದ ಹೊಡೆಯಬೇಕು ಎಂಬುದನ್ನು ಮಾತ್ರ ನಮ್ಮ ಇಂದಿನ ಕಾನೂನು ಕೇಳುವುದೇ ಇಲ್ಲ. ಪ್ರಾಣಿ ನಿಮಿಷದೊಳಗೆ ಸಾಯುತ್ತದೋ, ಎರಡು ದಿನ ಪೊದೆಯಲ್ಲಿ ನರಳುತ್ತದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿಯೇ.

ತೋಟಾ ಎಂದರೆ ನಾಲ್ಕು ವಸ್ತುಗಳ ಕಟ್ಟು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಳೆಯ ಕೇಪಿನ ಕೋವಿಯಲ್ಲಿ ಇವೆಲ್ಲ ಬಿಡಿಬಿಡಿ. ನಳಿಗೆಯ ಬಾಯಿಂದ ಕರಿಮದ್ದು ಸುರಿಯಬೇಕು, ನಾರನ್ನೋ ಕಾಗದವನ್ನೋ ಗಜದಿಂದ ಗಿಡಿಯಬೇಕು, ಚರೆ ಹಾಕಿ ಮತ್ತೆ ಗಿಡಿಯಬೇಕು. ಮದ್ದು ಒಂದು ಚಿಟಿಕೆ ಹೆಚ್ಚಾದರೆ, ಸ್ವಲ್ಪ ತೇವ ಹಿಡಿದರೆ, ಈಡು ಬೇರೆಯೇ ಆಗುತ್ತದೆ. ನಿನ್ನೆ ಬಿದ್ದ ಕಡೆ ಇವತ್ತು ಬೀಳುವುದಿಲ್ಲ. ನಳಿಗೆಯ ಒಳಮೈ ನುಣುಪಾಗಿರುವುದರಿಂದ ಗುಂಡನ್ನು ನೆಟ್ಟಗೆ ಹಿಡಿದಿಡುವಂಥದ್ದು ಏನೂ ಇಲ್ಲ. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಅವುಗಳ ಹಿಡಿತದಲ್ಲಿ ಗುಂಡು ಗಿರಗಿರನೆ ತಿರುಗುತ್ತ ಹೊರಡುತ್ತದೆ, ತಿರುಗುವ ಕಾರಣಕ್ಕೇ ಮೂತಿಯನ್ನು ಮುಂದಿಟ್ಟುಕೊಂಡು ಗುರಿಯತ್ತ ಹೋಗುತ್ತದೆ. ಜಿಂಕೆಯ ಮುಂಗಾಲಿನ ಹಿಂದೆ, ಎದೆಗೂಡಿನೊಳಗೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಹೆಚ್ಚುಕಡಿಮೆ ಒಂದು ಗೇಣು ಅಗಲ. ಗುಂಡು ಅಲ್ಲಿ ಹೊಕ್ಕರೆ ರಕ್ತದ ಒತ್ತಡ ಕುಸಿದು ಪ್ರಾಣಿ ಕೆಲವು ಸೆಕೆಂಡುಗಳಲ್ಲಿ ಬೀಳುತ್ತದೆ. ಒಂದು ಗೇಣು ಹಿಂದಕ್ಕೆ ಸರಿದರೆ ಹೊಟ್ಟೆ. ಹೊಟ್ಟೆಗೆ ಬಿದ್ದ ಜಿಂಕೆ ಗಂಟೆಗಟ್ಟಲೆ ನಡೆಯುತ್ತದೆ. ರಾತ್ರಿಯಾದರೆ ಹುಡುಕುವವರೂ ಇಲ್ಲ.

ಜಾಗ ಸರಿ ಹಿಡಿದರೂ ಗುಂಡಿನ ಜಾತಿ ಸರಿಯಿರಬೇಕು. ಪೂರ್ತಿ ಗಟ್ಟಿ ಲೋಹದ ಹೊದಿಕೆಯುಳ್ಳ ಸೈನ್ಯದ ಗುಂಡು ಜಿಂಕೆಯ ಎದೆಯನ್ನು ಸೂಜಿಗಾತ್ರದಲ್ಲಿ ತೂರಿ ಆಚೆ ಹೋಗಬಹುದು. ಗಾಯ ಕಿರಿದು, ಸಾವು ನಿಧಾನ. ಬೇಟೆಯ ಗುಂಡಿನ ಮೂತಿಯಲ್ಲಿ ಸೀಸ ಬರಿದಾಗಿ ಬಿಟ್ಟಿರುತ್ತದೆ. ಮೈಗೆ ತಾಗಿದ ಕ್ಷಣ ಅದು ಚಪ್ಪಟೆಯಾಗಿ, ಹಿಂದಕ್ಕೆ ಮಡಚಿಕೊಂಡು, ಮೊದಲಿನ ಅಗಲಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತನ್ನ ವೇಗವನ್ನೆಲ್ಲ ಪ್ರಾಣಿಯ ಒಳಗೇ ಖರ್ಚು ಮಾಡುತ್ತದೆ. ಇಂಥ ಗುಂಡಿಗೆ ಹೆಸರು ತಂದುಕೊಟ್ಟಿದ್ದು ನಮ್ಮ ದೇಶದ್ದೇ ಊರು, ಕಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇದನ್ನು ಕ್ರೂರವೆಂದು ನಿಷೇಧಿಸಿತು. ಇಂಗ್ಲೆಂಡಿನ ಜಿಂಕೆ ಕಾಯ್ದೆ, ಜಿಂಕೆಗೆ ಹಾರಿಸುವ ರೈಫಲ್ ಗುಂಡು ಮೂತಿ ಅರಳುವಂಥದ್ದೇ ಆಗಿರಬೇಕು ಎನ್ನುತ್ತದೆ. ವಿರೋಧಾಭಾಸ ಎನಿಸುತ್ತದೆ, ಆದರೆ ಅಲ್ಲ. ಗಾಯಗೊಂಡ ಸೈನಿಕನನ್ನು ಹೊತ್ತೊಯ್ಯಲು ಆಸ್ಪತ್ರೆಯ ಆಳುಗಳಿರುತ್ತಾರೆ, ಗಾಯಗೊಂಡ ಜಿಂಕೆಗೆ ಯಾರಿದ್ದಾರೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ ಬಳಸುವ ರೈಫಲ್ಲಿನ ಬೋರು .240 ಅಂಗುಲಕ್ಕಿಂತ, ಗುಂಡು ನಳಿಗೆ ಬಿಡುವಾಗಿನ ಶಕ್ತಿ ಸುಮಾರು 2,305 ಜೂಲ್‌ಗಿಂತ ಕಡಿಮೆ ಇರುವಂತಿಲ್ಲ. ಜರ್ಮನಿ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿದೆ. ಅಲ್ಲಿ ಶಕ್ತಿಯನ್ನು ಅಳೆಯುವುದು 100 ಮೀಟರ್ ದೂರದಲ್ಲಿ, ಅಂದರೆ ಪ್ರಾಣಿ ನಿಂತಿರುವ ಕಡೆ: ನಮ್ಮ ಕಾಡುಕುರಿಯಷ್ಟೇ ಗಾತ್ರದ ರೋ ಜಿಂಕೆಗೆ ಕನಿಷ್ಠ 1,000 ಜೂಲ್, ಅದಕ್ಕಿಂತ ದೊಡ್ಡ ಜಿಂಕೆ ಮತ್ತು ಕಾಡುಹಂದಿಗೆ 2,000 ಜೂಲ್, ಜೊತೆಗೆ ಗುಂಡಿನ ವ್ಯಾಸ ಕನಿಷ್ಠ 6.5 ಮಿ.ಮೀ. ಈ ಅಳತೆಗೋಲನ್ನು ಹಿಡಿದು ನೋಡಿದರೆ ತೋಟಾಗಳ ಸಂತೆ ತಾನಾಗಿ ಬೇರೆ ಬೇರೆ ಗುಂಪಾಗುತ್ತದೆ. ಗುರಿ ಅಭ್ಯಾಸದ .22 ತೋಟಾದ ಶಕ್ತಿ ಸುಮಾರು 140 ಜೂಲ್. ಸದ್ದು ಕಡಿಮೆಯೆಂದು ಕಳ್ಳಬೇಟೆಗೆ ಅದನ್ನು ಆರಿಸುವವರು ಪ್ರಾಣಿಯ ಪಾಲಿಗೆ ಅತ್ಯಂತ ಕೆಟ್ಟದ್ದನ್ನೇ ಆರಿಸಿರುತ್ತಾರೆ. 1955ರಲ್ಲಿ ಬಂದ .243 ವಿಂಚೆಸ್ಟರ್, 6.5 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಕಳಿಸುತ್ತದೆ. ಐವತ್ತು, ಎಂಬತ್ತು ಕಿಲೋ ತೂಗುವ ಚುಕ್ಕೆ ಜಿಂಕೆಯ ಗಾತ್ರದ ಪ್ರಾಣಿಗೆ ಇಂಗ್ಲೆಂಡಿನ ಅಳತೆಯಲ್ಲಿ ಅದು ಸಾಕು. ಇನ್ನೂರು ಕಿಲೋ ಮೀರುವ ಕಡವೆಯಂಥ ದೇಹಕ್ಕೆ .30-06ರಂಥದ್ದು ಬೇಕು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ ಎಂಬ ಶಾಲೆಯ ಭೌತಶಾಸ್ತ್ರವೇ ಈ ಲೆಕ್ಕದ ಹಿಂದಿರುವುದು.

ಈಗ ನಮ್ಮ ಕಾನೂನಿಗೆ ಬನ್ನಿ. 1959ರ ಆಯುಧ ಕಾಯ್ದೆಯ 13ನೇ ಕಲಂ, ಬೆಳೆ ರಕ್ಷಣೆಗೆಂದು ಕೇಳುವ ರೈತನಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಿ ಎನ್ನುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕು ಕೊಡಬಹುದು ಎಂದೂ ಹೇಳುತ್ತದೆ. ಕಾನೂನು ಬರೆದವರಿಗೇ ಕೇಪಿನ ಕೋವಿಯ ಬಗ್ಗೆ ಅನುಮಾನವಿತ್ತು ಅನ್ನಿ. ಆದರೆ ಆ ಅನುಮಾನ ಹನ್ನೆರಡು ಬೋರಿನ ತೋಟಾ ಕೋವಿಯವರೆಗೆ ಬಂದು ನಿಂತುಬಿಟ್ಟಿತು. ರೈಫಲ್ಲಿನ ಕತೆ ಇನ್ನೂ ವಿಚಿತ್ರ. ಬ್ರಿಟಿಷರ ಕಾಲದಿಂದ ಬಂದ ಲೆಕ್ಕಾಚಾರದಲ್ಲಿ, ಸೈನ್ಯ ಬಳಸುವ ಬೋರು ಜನರ ಕೈಗೆ ಸಿಗಬಾರದು. ಹಾಗಾಗಿ ತ್ರೀ ನಾಟ್ ತ್ರೀ ನಿಷಿದ್ಧ, ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ .315 ರೈಫಲ್ಲಿಗೆ ಲೈಸೆನ್ಸ್ ಉಂಟು. ಈ .315 ತೋಟಾದ ಮೂಲವೂ ಸೈನ್ಯವೇ, ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್ಲಿಕರ್, ಬ್ರಿಟಿಷ್ ಸೈನ್ಯದ ಬಂದೂಕಿಗೆ ಅದು ಹೊಂದುವುದಿಲ್ಲ ಎನ್ನುವುದಷ್ಟೇ ಅದರ ಪುಣ್ಯ. ಪ್ರಾಣಿಯ ಎದೆಗೆ ಬಿದ್ದಾಗ ಈ ಎರಡು ತೋಟಾಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಮ್ಮ ವರ್ಗೀಕರಣ ಹುಟ್ಟಿದ್ದು ದಂಗೆಯ ಭಯದಿಂದ. ಅದರ ಯಾವ ಮೂಲೆಯಲ್ಲೂ ಪ್ರಾಣಿಯ ದೇಹ ಬಂದಿಲ್ಲ.

ತೋಟಾ ಯಾವುದಾದರೇನು, ಗುರಿಕಾರ ಪಳಗಿದವನಾದರೆ ಸಾಕು ಎನ್ನುವ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ: ಕೆಟ್ಟ ಗುರಿಯನ್ನು ಯಾವ ತೋಟಾವೂ ತಿದ್ದುವುದಿಲ್ಲ. ಆದರೆ ಒಳ್ಳೆಯ ಗುರಿಕಾರನೂ ಕೇಪಿನ ಕೋವಿಯಲ್ಲಿ ಚರೆ ತುಂಬಿ ಅರವತ್ತು ಮೀಟರ್ ಆಚೆಯ ಪ್ರಾಣಿಯ ಎದೆಗೂಡು ಹಿಡಿಯಲಾರ. ಚರೆ ಅಷ್ಟರೊಳಗೆ ಚದುರಿ, ಸೊರಗಿ ಹೋಗಿರುತ್ತದೆ. ಇನ್ನು ಕೆಲವರು ದೊಡ್ಡ ಬೋರೇ ಇರಲಿ ಎನ್ನುತ್ತಾರೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳಿಂದ ಈ ನಂಬಿಕೆ ಬೆಳೆದಿರಲೂಬಹುದು. ಮಾಗಡಿಯ ಚಿರತೆಯವರೆಗೆ ಬರುವ ಆ ಕತೆಗಳ ಬೇಟೆಗಾರನ ಅಚ್ಚುಮೆಚ್ಚಿನ ರೈಫಲ್ .405 ವಿಂಚೆಸ್ಟರ್, 19 ಗ್ರಾಂನಷ್ಟು ಭಾರದ ಗುಂಡು. ಹುಲಿ ಮೈಮೇಲೆ ಬರುವಾಗ ತಡೆದು ನಿಲ್ಲಿಸಲು ಆರಿಸಿಕೊಂಡದ್ದು ಅದು. ಅಂಥ ತೋಟಾ ಭುಜಕ್ಕೆ ಕೊಡುವ ಒದೆತಕ್ಕೆ ಹೆದರಿ, ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುವವನು ಅಡ್ಡಾದಿಡ್ಡಿ ಹೊಡೆಯುತ್ತಾನೆ. ಆ ಕಾಲದ ಪುಸ್ತಕಗಳಿಂದ ಕಲಿಯಬೇಕಾದದ್ದು ಬೇರೆ ಇದೆ. ಹುಲಿ ನರಭಕ್ಷಕವಾಗಲು ಹಿಂದೆ ಯಾರೋ ಎಡವಟ್ಟಾಗಿ ಹೊಡೆದು, ಬೆನ್ನುಹತ್ತದೆ ಬಿಟ್ಟ ಗಾಯವೂ ಒಂದು ಕಾರಣವೆಂದು ಬೇಟೆಗಾರ ಜಿಮ್ ಕಾರ್ಬೆಟ್ ಬರೆದ. ಆಂಡರ್ಸನ್ನನ ಅನುಭವವೂ ಅದೇ. ಸತ್ತ ಆನೆಗಳ ಚರ್ಮದಡಿ ಹಳೆಯ ಚರೆ ಸಿಗುವುದು ಕರ್ನಾಟಕದ ಪಶುವೈದ್ಯರಿಗೆ ಇಂದಿಗೂ ಆಶ್ಚರ್ಯದ ಸಂಗತಿಯಲ್ಲ. ಬೆಳೆ ಕಾಯಲು ಹಾರಿಸಿದ ಆ ಚರೆ ಆನೆಯನ್ನು ಓಡಿಸಿತೋ, ಇನ್ನಷ್ಟು ಸಿಟ್ಟಿಗೆಬ್ಬಿಸಿತೋ ಎಂದು ಯೋಚಿಸಬೇಕು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ರೈಫಲ್ ಗುಂಡು ತಡೆಯಿಲ್ಲದೆ ಹೋದರೆ ಮೂರು ನಾಲ್ಕು ಕಿಲೋಮೀಟರ್ ಆಚೆ ಬೀಳಬಲ್ಲದು. ಬೈರಮಂಗಲದಲ್ಲಿ ನಿಂತು ಅಷ್ಟು ದೂರ ಎಲ್ಲಿ ನೋಡಿದರೂ ಮನೆ, ತೋಟ, ರಸ್ತೆ. ಒಂದು ಕಡೆ ವೃಷಭಾವತಿ ತುಂಬುವ ಕೆರೆ, ಇನ್ನೊಂದು ಕಡೆ ಬಿಡದಿಯ ಕಾರ್ಖಾನೆಗಳು. ಇಂಥ ಕಡೆ ಜನರ ಕೈಗೆ ರೈಫಲ್ ಕೊಡಿ ಎನ್ನುವುದು ಹುಚ್ಚುತನ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ತೋಟಾ ಆರಿಸುವುದೆಂದರೆ ಪ್ರಾಣಿಯ ಜೊತೆಗೆ ಜಾಗವನ್ನೂ ಅಳೆಯುವುದು. ಸರಿಯಾದ ತೋಟಾ ಹಾರಿಸಲಾಗದ ಜಾಗದಲ್ಲಿ ತಪ್ಪು ತೋಟಾ ಹಾರಿಸುವುದು ಪರಿಹಾರವಾಗುವುದಿಲ್ಲ. ಅಲ್ಲಿ ಬೇಲಿ, ಕಂದಕ, ಕಾವಲು, ತಡಮಾಡದ ಪರಿಹಾರಧನ, ಇಷ್ಟೇ ದಾರಿ. ಬನ್ನೇರುಘಟ್ಟದ ಅಂಚಿನ ಹೊಲಗಳಲ್ಲಿ ಅನಿವಾರ್ಯವಾದರೆ, ಯುರೋಪಿನ ಬೇಟೆಗಾರರು ಮಾಡುವಂತೆ ಅಟ್ಟಣೆಯಿಂದ ಕೆಳಮುಖವಾಗಿ, ಹತ್ತಿರದಿಂದ, ತಪ್ಪಿದ ಗುಂಡು ಮಣ್ಣಿಗೇ ಹೂತುಹೋಗುವ ಹಾಗೆ, ತರಬೇತಾದ ತಂಡ ಹೊಡೆಯಬೇಕು. ಹನ್ನೆರಡು ಬೋರೇ ಗತಿಯಾದರೆ ಅದಕ್ಕೂ ಮಿತಿಯುಂಟು. ಹಕ್ಕಿ, ಮೊಲಕ್ಕಾಗುವ 4, 6ನೇ ನಂಬರಿನ ಚರೆ ಹಂದಿಗೆ ಬರೀ ಗಾಯ. ಎಲ್‌ಜಿ ತೋಟಾದ 9 ಮಿ.ಮೀ. ಗುಂಡುಗಳೂ ಮೂವತ್ತು ಮೀಟರ್ ದಾಟಿದ ಮೇಲೆ ಭರವಸೆಯವಲ್ಲ. ಬೆಳೆ ಹಾಳುಮಾಡುವ ಜಿಂಕೆಯನ್ನು ಹೊಲದವನು ಬಂದೂಕಿನಿಂದ ಹೊಡೆಯಲು ಇಂಗ್ಲೆಂಡ್ ಕೂಡ ಬಿಟ್ಟಿದೆ, ಆದರೆ ಬೋರು 12ಕ್ಕಿಂತ ಸಣ್ಣದಿರಬಾರದು, ಪ್ರತಿ ಚರೆಯ ವ್ಯಾಸ 5.16 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದು ಎರಡನೇ ದಶಾಂಶದವರೆಗೆ ಬರೆದಿಟ್ಟಿದೆ. ಬೇಸರ ಹಿಡಿಸುವ ಇಂಥ ಸೂಕ್ಷ್ಮದಲ್ಲೇ ದಯೆ ಕಾನೂನಿನ ರೂಪ ಪಡೆಯುವುದು.

ಗುಂಡಿನ ಲೋಹದ ಮಾತೂ ಇದೆ. ಅರಳುವ ಸೀಸದ ಗುಂಡು ಒಳಗೆ ಚೂರುಚೂರಾಗುತ್ತದೆ. ಹೊಡೆದ ಜಿಂಕೆಗಳ ಎಕ್ಸ್‌ರೇಯಲ್ಲಿ ಗಾಯದಿಂದ ದೂರದ ಮಾಂಸದಲ್ಲೂ ನೂರಾರು ಸಣ್ಣ ಚುಕ್ಕೆಗಳು ಕಂಡಿವೆ. ಅಮೆರಿಕದ ಕಾಂಡೋರ್ ರಣಹದ್ದುಗಳನ್ನು ಹೆಚ್ಚಾಗಿ ಕೊಂದದ್ದು ಇಂಥ ಕಳೇಬರ ತಿಂದು ಸೇರಿದ ಸೀಸವೇ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಲ್ಲಿಸಿತು, ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡಿಗೂ ನಿಷೇಧ ಹಾಕಿತು. ತಾಮ್ರದ ಗುಂಡು ಚೂರಾಗದೆ ಅರಳುತ್ತದೆ. ನಮ್ಮಲ್ಲಿ ರಣಹದ್ದುಗಳನ್ನು ಮುಗಿಸಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ. ಬೈರಮಂಗಲದಿಂದ ದೂರವೇನಲ್ಲದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಿದ್ದು ಅಳಿದುಳಿದ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ. ಅವುಗಳ ಊಟದ ಸೀಮೆಯಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವುದಾದರೆ, ಹೊಡೆದ ಕಳೇಬರವನ್ನು ಬಯಲಲ್ಲಿ ಬಿಡದೆ ಆಳವಾಗಿ ಹೂಳಬೇಕು ಎಂಬ ಷರತ್ತು ಹಾಕುವುದು ಖರ್ಚಿಲ್ಲದ ಕೆಲಸ.

11ನೇ ಕಲಂನ ಆದೇಶ ಹೇಗೂ ಲಿಖಿತವಾಗಿಯೇ ಇರಬೇಕು. ಅದರಲ್ಲಿ ಪ್ರಾಣಿಯ ಹೆಸರು, ಹೊಡೆಯುವವನ ಹೆಸರಿನ ಜೊತೆಗೆ ತೋಟಾದ ಬೋರು, ಗುಂಡಿನ ಜಾತಿ, ಮೀರಬಾರದ ದೂರ, ಈಡಿನ ದಿಕ್ಕು ಇವನ್ನು ಸೇರಿಸಲು ಸಂಸತ್ತಿನ ತಿದ್ದುಪಡಿಗೆ ಕಾಯಬೇಕಿಲ್ಲ. ಹಾಳೆಯಲ್ಲಿ ನಾಲ್ಕು ಸಾಲು ಜಾಸ್ತಿ, ಅಷ್ಟೆ. ಐದನೆಯ ಸಾಲೊಂದು ಬೇಕು: ಪ್ರಾಣಿ ಗಾಯಗೊಂಡು ತಪ್ಪಿಸಿಕೊಂಡರೆ ಹುಡುಕಿ ಮುಗಿಸುವ ಹೊಣೆ ಯಾರದು ಎಂಬುದು. ಜರ್ಮನಿಯಲ್ಲಿ ಆ ಹೊಣೆಯನ್ನು ಕಾನೂನೇ ಹೊರಿಸುತ್ತದೆ. ರಕ್ತದ ಜಾಡು ಹಿಡಿಯಲು ಪಳಗಿಸಿದ ನಾಯಿಯನ್ನು ಹೊರಡಿಸುತ್ತಾರೆ, ಬೇಕಾದರೆ ಮರುದಿನ ಬೆಳಗ್ಗೆಯೂ ಹುಡುಕುತ್ತಾರೆ.