ಹತ್ತನೇ ಕ್ಲಾಸಿನ ದಾರಿ ನೋಡಿ, ಒಂದನೇ ಕ್ಲಾಸಿಗೆ ಸೇರಿಸಿ



ಏಪ್ರಿಲ್ ತಿಂಗಳು ಬಂತು ಅಂದರೆ ನಮ್ಮ ಹಳ್ಳಿಗಳಿಗೆ ಹಳದಿ ವ್ಯಾನುಗಳು ಬರುತ್ತವೆ. ಮನೆ ಮನೆಗೆ ಕರಪತ್ರ ಹಂಚುತ್ತಾರೆ. ಇಂಗ್ಲಿಷ್ ಮೀಡಿಯಂ, ಕಂಪ್ಯೂಟರ್ ಪಾಠ, ಮನೆ ಬಾಗಿಲಿಗೆ ವ್ಯಾನು ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆಗ ನಮ್ಮ ಕಲಿಕಾ ಕೇಂದ್ರದಲ್ಲೂ ಅದೇ ಮಾತು.

"ಟೀಚರ್, ಯಾವ ಕಾನ್ವೆಂಟ್ ಒಳ್ಳೇದು? ನೀವೇ ಹೇಳಿ."

ನಾವು ಯಾವ ಶಾಲೆಯ ಹೆಸರನ್ನೂ ಹೇಳುವುದಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳುತ್ತೇವೆ.

"ಮಗು ಈಗ ಒಂದನೇ ಕ್ಲಾಸಿಗೆ ಸೇರುತ್ತೆ, ಸರಿ. ಎಂಟನೇ ಕ್ಲಾಸಿಗೆ ಎಲ್ಲಿಗೆ ಹೋಗುತ್ತೆ?"

ಆಗ ಎಲ್ಲರೂ ಸುಮ್ಮನಾಗುತ್ತಾರೆ. ಅಷ್ಟು ದೂರ ಯಾರು ಯೋಚನೆ ಮಾಡಿರುತ್ತಾರೆ? ಆದರೆ ಯೋಚನೆ ಮಾಡಬೇಕು. ಯಾಕೆ ಅಂತ ಕೇಳಿ.

ಒಬ್ಬ ತಾಯಿಯ ಕಥೆ

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಇದ್ದಾರೆ. ಕೂಲಿ ಮಾಡುತ್ತಾರೆ, ಎರಡು ಹಸು ಸಾಕಿದ್ದಾರೆ. ಹಾಲು ಹಾಕಿ ಬಂದ ದುಡ್ಡಲ್ಲಿ ದೊಡ್ಡ ಮಗಳನ್ನು ಪಕ್ಕದ ಹಳ್ಳಿಯ ಕಾನ್ವೆಂಟಿಗೆ ಸೇರಿಸಿದರು. ಮಗಳು ಏಳನೇ ಕ್ಲಾಸಿನವರೆಗೆ ಅಲ್ಲೇ ಓದಿದಳು. ಚೆನ್ನಾಗಿಯೇ ಓದಿದಳು.

ಏಳನೇ ಕ್ಲಾಸು ಮುಗಿಯಿತು. ಟಿ.ಸಿ. ಅಂದರೆ ವರ್ಗಾವಣೆ ಪತ್ರ ಕೊಟ್ಟರು. ಅದನ್ನು ತಗೊಂಡು ತಾಯಿ ಹೈಸ್ಕೂಲಿಗೆ ಹೋದರು. ಅಲ್ಲಿನ ಗುಮಾಸ್ತರು ನೋಡಿ ಕೇಳಿದರು. "ಏನಮ್ಮ, ನಿಮ್ಮ ಮಗಳು ಆರು, ಏಳು ಓದಿದ್ದು ಟೌನಿನಲ್ಲಾ?"

ತಾಯಿಗೆ ಗಾಬರಿ. ಮಗಳು ಟೌನಿಗೆ ಒಂದು ದಿನವೂ ಓದಲು ಹೋದವಳಲ್ಲ. ಆಮೇಲೆ ವಿಷಯ ಗೊತ್ತಾಯಿತು. ಆ ಕಾನ್ವೆಂಟಿಗೆ ಸರ್ಕಾರದ ಮಾನ್ಯತೆ ಇದ್ದದ್ದು ಐದನೇ ಕ್ಲಾಸಿನವರೆಗೆ ಮಾತ್ರ. ಆರು, ಏಳನೇ ಕ್ಲಾಸು ಅವರೇ ನಡೆಸುತ್ತಿದ್ದರು. ಮಕ್ಕಳ ಹೆಸರನ್ನು ಮಾತ್ರ ಟೌನಿನ ಇನ್ನೊಂದು ಶಾಲೆಯ ದಾಖಲಾತಿಯಲ್ಲಿ ಬರೆಸಿದ್ದರು.

"ಅದರಿಂದ ಏನಾಯ್ತು ಟೀಚರ್, ಓದು ಓದೇ ಅಲ್ವಾ?" ಅಂತ ಕೆಲವರು ಕೇಳಿದರು. ಏನಾಯ್ತು ಅಂತ ಮುಂದೆ ಹೇಳುತ್ತೇವೆ. ಮೊದಲು ಶಾಲೆಯ ಮೆಟ್ಟಿಲುಗಳನ್ನು ತಿಳಿಯೋಣ.

ಶಾಲೆಗೂ ಮೆಟ್ಟಿಲುಗಳಿವೆ

ಒಂದರಿಂದ ಐದನೇ ಕ್ಲಾಸಿನವರೆಗೆ ಕಿರಿಯ ಪ್ರಾಥಮಿಕ ಶಾಲೆ. ಏಳು ಅಥವಾ ಎಂಟನೇ ಕ್ಲಾಸಿನವರೆಗೆ ಇದ್ದರೆ ಹಿರಿಯ ಪ್ರಾಥಮಿಕ ಶಾಲೆ. ಎಂಟರಿಂದ ಹತ್ತು ಪ್ರೌಢಶಾಲೆ, ಅಂದರೆ ಹೈಸ್ಕೂಲು. ಹತ್ತನೇ ಕ್ಲಾಸಿನ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ.

ಕೆಲವು ಶಾಲೆ ಐದಕ್ಕೇ ನಿಲ್ಲುತ್ತವೆ. ಕೆಲವು ಏಳಕ್ಕೆ ನಿಲ್ಲುತ್ತವೆ. ಅಲ್ಲಿಂದ ಮಗು ಬೇರೆ ಕಡೆ ಹೋಗಲೇಬೇಕು. ಗಂಡು ಮಗುವಾದರೆ ಸೈಕಲ್ಲಿನಲ್ಲಿ ಕಳಿಸುತ್ತಾರೆ. ಹೆಣ್ಣು ಮಗುವಾದರೆ "ದೂರ ಆಯ್ತು, ಸಾಕು ಬಿಡು" ಅನ್ನುತ್ತಾರೆ. ನಮ್ಮಲ್ಲಿ ಎಷ್ಟು ಹುಡುಗಿಯರ ಓದು ಏಳನೇ ಕ್ಲಾಸಿಗೆ ನಿಂತಿದೆ! ಇಲ್ಲಿ ಓದುತ್ತಿರುವ ನಿಮ್ಮಲ್ಲೇ ಎಷ್ಟೋ ಜನರ ಓದು ಹಾಗೆ ನಿಂತದ್ದಲ್ಲವೇ?

ಅದಕ್ಕೇ ಸೇರಿಸುವ ದಿನವೇ ಕೇಳಿ. "ನಿಮ್ಮ ಶಾಲೆ ಎಷ್ಟನೇ ಕ್ಲಾಸಿನವರೆಗೆ ಇದೆ? ಆಮೇಲೆ ನಿಮ್ಮ ಮಕ್ಕಳು ಯಾವ ಹೈಸ್ಕೂಲಿಗೆ ಹೋಗುತ್ತಾರೆ? ಅಲ್ಲಿಗೆ ಬಸ್ಸು ಇದೆಯಾ?"

ಮಾನ್ಯತೆ ನೋಡಿ

ಮಾನ್ಯತೆ ಅಂದರೆ ಸರ್ಕಾರದ ಒಪ್ಪಿಗೆ. ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈ ಕಾಯ್ದೆ ಪ್ರಕಾರ ಮಾನ್ಯತೆ ಇಲ್ಲದೆ ಯಾರೂ ಖಾಸಗಿ ಶಾಲೆ ನಡೆಸುವಂತಿಲ್ಲ.

ಮಾನ್ಯತೆ ಆದೇಶದಲ್ಲಿ ಮೂರು ವಿಷಯ ಓದಿ. ಒಂದು, ಯಾವ ತರಗತಿಯಿಂದ ಯಾವ ತರಗತಿಯವರೆಗೆ. ಎರಡು, ಯಾವ ಮಾಧ್ಯಮ, ಕನ್ನಡವೋ ಇಂಗ್ಲಿಷೋ. ಮೂರು, ಯಾವ ವರ್ಷದವರೆಗೆ ಒಪ್ಪಿಗೆ. ಬೋರ್ಡಿನಲ್ಲಿ ಇರುವುದು ಬೇರೆ, ಆದೇಶದಲ್ಲಿ ಇರುವುದು ಬೇರೆ ಆಗಿರಬಹುದು.

ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ. ಕರ್ನಾಟಕದ ಶಾಲೆಗಳದು 29ರಿಂದ ಶುರುವಾಗುತ್ತದೆ. ಸಂಖ್ಯೆ ಇದ್ದ ಮಾತ್ರಕ್ಕೆ ಮಾನ್ಯತೆ ಇದೆ ಅಂತ ಅಲ್ಲ. ಆದರೆ ಆ ಸಂಖ್ಯೆ ಬರೆದುಕೊಂಡು ಬಿ.ಇ.ಒ. ಕಚೇರಿಗೆ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. "ಈ ಶಾಲೆಗೆ ಎಷ್ಟನೇ ಕ್ಲಾಸಿನವರೆಗೆ ಮಾನ್ಯತೆ ಇದೆ?" ಅಂತ ಕೇಳಿ. ಹೆದರಬೇಡಿ. ಕೇಳುವುದು ನಿಮ್ಮ ಹಕ್ಕು.

ಕೆಲವು ಕಡೆ ಸಿ.ಬಿ.ಎಸ್.ಇ. ಅಂತ ಬೋರ್ಡು ಹಾಕಿರುತ್ತಾರೆ. ಸಿ.ಬಿ.ಎಸ್.ಇ. ಅನ್ನುವುದು ದೆಹಲಿಯ ಪರೀಕ್ಷಾ ಮಂಡಳಿ. ಅದರ ಜೊತೆ ಸೇರಿದ ಶಾಲೆಗೆ ಬೇರೆ ಸಂಯೋಜನೆ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೇಳಿ. ಪುಸ್ತಕ ಮಾತ್ರ ಆ ಮಂಡಳಿಯದು, ಸಂಖ್ಯೆ ಇಲ್ಲ ಅಂದರೆ ಹತ್ತನೇ ಕ್ಲಾಸಿಗೆ ಮಗು ಯಾವ ಪರೀಕ್ಷೆ ಬರೆಯುತ್ತೆ? ಅದನ್ನೂ ಕೇಳಿ.

ಮಾಧ್ಯಮ ಬದಲಾದರೆ ಮಗುವಿಗೆ ಕಷ್ಟ

ಕನ್ನಡದಲ್ಲಿ ಭಿನ್ನರಾಶಿ ಕಲಿತ ಮಗುವಿಗೆ ಹೈಸ್ಕೂಲಿನಲ್ಲಿ ಫ್ರಾಕ್ಷನ್ ಅಂದರೆ ತಲೆ ತಿರುಗುತ್ತದೆ. ಲೆಕ್ಕ ಅದೇ, ಮಾತು ಬೇರೆ. ಹಾಗೆಯೇ ಕಾನ್ವೆಂಟಿನಲ್ಲಿ ಏಳು ವರ್ಷ ಇಂಗ್ಲಿಷಿನಲ್ಲಿ ಓದಿದ ಮಗುವಿಗೆ ಊರಿನ ಹೈಸ್ಕೂಲು ಕನ್ನಡ ಮಾಧ್ಯಮ ಆದರೆ ಅದೂ ಕಷ್ಟವೇ. ನಾವು ಇಂಥ ಮಕ್ಕಳಿಗೆ ಪಾಠ ಮಾಡಿದ್ದೇವೆ. ಒಂದು ವರ್ಷ ಬೇಕಾಗುತ್ತದೆ ಹೊಂದಿಕೊಳ್ಳಲಿಕ್ಕೆ. ಇಂಗ್ಲಿಷ್ ಒಳ್ಳೇದಲ್ಲ ಅಂತ ನಾವು ಹೇಳುತ್ತಿಲ್ಲ. ನಡುವೆ ಬದಲಾಯಿಸಬೇಡಿ ಅನ್ನುತ್ತಿದ್ದೇವೆ. ಅದಕ್ಕೇ ಮೊದಲು ಹೈಸ್ಕೂಲು ನೋಡಿ, ಆಮೇಲೆ ಪ್ರಾಥಮಿಕ ಶಾಲೆ ಆರಿಸಿ.

ಇಂಗ್ಲಿಷ್ ಶಾಲೆಯಾದರೂ ಕನ್ನಡ ಕಲಿಸಲೇಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹಾಗೆ ಹೇಳುತ್ತದೆ. ಮಗುವಿನ ಕನ್ನಡ ಪುಸ್ತಕ ತೆಗೆದು ಓದಿಸಿ. ಈಗ ನಿಮಗೇ ಓದು ಬರುತ್ತದಲ್ಲ! ಮಗು ತಪ್ಪು ಓದಿದರೆ ನಿಮಗೆ ಗೊತ್ತಾಗುತ್ತದೆ.

ಐದನೇ ಕ್ಲಾಸಿನಲ್ಲಿ ಒಂದು ಬಾಗಿಲು

ಆರನೇ ಕ್ಲಾಸಿಗೆ ಸೇರಿಸಿಕೊಳ್ಳುವ ಸರ್ಕಾರದ ಒಳ್ಳೆಯ ಶಾಲೆಗಳಿವೆ. ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ. ಇವಕ್ಕೆ ಐದನೇ ಕ್ಲಾಸಿನಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ಪ್ರವೇಶ ಪರೀಕ್ಷೆ ಬರೆಯಬೇಕು.

ನವೋದಯದಲ್ಲಿ ಹನ್ನೆರಡನೇ ಕ್ಲಾಸಿನವರೆಗೆ ಓದಬಹುದು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೆ. ಮೂರರಲ್ಲಿ ಒಂದು ಪಾಲು ಸೀಟು ಹೆಣ್ಣುಮಕ್ಕಳಿಗೆ. ಆದರೆ ಒಂದು ಮಾತು ನೆನಪಿಡಿ. ಹಳ್ಳಿ ಸೀಟು ಬೇಕಾದರೆ ಮೂರು, ನಾಲ್ಕು, ಐದನೇ ಕ್ಲಾಸನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಶಾಲೆ ಸರ್ಕಾರದ್ದು ಅಥವಾ ಮಾನ್ಯತೆ ಇರುವಂಥದ್ದು ಆಗಿರಬೇಕು. ಪರೀಕ್ಷೆ ಬರೆಯಲು ಒಂದೇ ಸಲ ಅವಕಾಶ.

ಆ ಮಗಳು ಏನು ಕಳೆದುಕೊಂಡಳು?

ಈಗ ಆ ತಾಯಿಯ ಕಥೆಗೆ ಬರೋಣ.

ಎಂಜಿನಿಯರಿಂಗ್ ಮುಂತಾದ ಓದಿಗೆ ಸಿ.ಇ.ಟಿ. ಪರೀಕ್ಷೆ ಇದೆ. ಅದರ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 15 ಮೀಸಲು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು. ಆದರೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ, ಹತ್ತು ವರ್ಷವೂ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಿಗೂ ಹತ್ತು ವರ್ಷ ಕನ್ನಡದಲ್ಲೇ ಓದಿರಬೇಕು. ಒಂಬತ್ತು ವರ್ಷ ಆದರೆ ಸಾಲದು.

ಆ ಹುಡುಗಿ ಹಳ್ಳಿಯಲ್ಲೇ ಓದಿದಳು. ಆದರೆ ಕಾಗದದಲ್ಲಿ ಎರಡು ವರ್ಷ ಟೌನು ಅಂತ ಇದೆ. ನಾವು ಅವರ ಜೊತೆ ಕಚೇರಿಗೂ ಹೋದೆವು. "ಟಿ.ಸಿ.ಯಲ್ಲಿ ಏನಿದೆಯೋ ಅದೇ ಲೆಕ್ಕ" ಅಂದರು. ಗ್ರಾಮೀಣ ಮೀಸಲಾತಿ ಅವಳ ಕೈತಪ್ಪಿತು. ಅವಳಿಗೆ ಇನ್ನೂ ಹದಿಮೂರು ವರ್ಷ. ತಪ್ಪು ಅವಳದಲ್ಲ.

ಆ ತಾಯಿ ಒಂದು ಮಾತು ಹೇಳಿದರು. "ವರ್ಷ ವರ್ಷ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿ ಅಂತಿದ್ರು ಟೀಚರ್. ಒತ್ತುತಿದ್ದೆ. ಓದಕ್ಕೆ ಬಂದಿದ್ರೆ ಆವತ್ತೇ ಕೇಳ್ತಿದ್ದೆ."

ಕಾಗದ ಪತ್ರ ಓದಿ ನೋಡಿ

ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಅಂತ ಇದೆ. ಮಗು ಯಾವ ಶಾಲೆಯಲ್ಲಿ, ಎಷ್ಟನೇ ಕ್ಲಾಸಿನಲ್ಲಿ ಇದೆ ಅಂತ ಆ ಸಂಖ್ಯೆಯಿಂದ ತಿಳಿಯುತ್ತದೆ. ವರ್ಷಕ್ಕೊಮ್ಮೆ ಕೇಳಿ ನೋಡಿ. ಶಾಲೆಯ ಹೆಸರು ಸರಿ ಇದೆಯಾ? ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಜಾತಿ ಸರಿ ಇದೆಯಾ? ಜನನ ಪ್ರಮಾಣ ಪತ್ರಕ್ಕೂ ಆಧಾರ್‌ಗೂ ಹೊಂದುತ್ತದೆಯಾ? ತಪ್ಪಿದ್ದರೆ ಪ್ರಾಥಮಿಕ ಶಾಲೆಯಲ್ಲಿ ಇರುವಾಗಲೇ ತಿದ್ದಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ದುಡ್ಡಿನ ಲೆಕ್ಕ

ಒಂದು ಲೆಕ್ಕ ಹಾಕೋಣ. ಶಾಲೆಯ ಫೀಸು ವರ್ಷಕ್ಕೆ 18,000 ರೂಪಾಯಿ ಅಂದುಕೊಳ್ಳಿ. ವ್ಯಾನಿಗೆ ತಿಂಗಳಿಗೆ 1,000. ಹತ್ತು ತಿಂಗಳಿಗೆ 10,000. ಪುಸ್ತಕ, ಬಟ್ಟೆ, ಶೂ ಎಲ್ಲ ಸೇರಿ 6,000. ಒಟ್ಟು 34,000 ರೂಪಾಯಿ. ಹತ್ತು ವರ್ಷಕ್ಕೆ 3,40,000. ಫೀಸು ಒಂದು ರೂಪಾಯಿಯೂ ಏರದಿದ್ದರೆ ಇಷ್ಟು. ಏರದೇ ಇರುತ್ತದೆಯೇ?

ಇಬ್ಬರು ಮಕ್ಕಳಿದ್ದರೆ ಎರಡರಷ್ಟು. ಆಗ ಏನಾಗುತ್ತದೆ? ಮಗನನ್ನು ಉಳಿಸಿ ಮಗಳನ್ನು ಬಿಡಿಸುತ್ತಾರೆ. ಇದು ನಾವು ಕಣ್ಣಾರೆ ಕಂಡದ್ದು. ಹತ್ತು ವರ್ಷ ಕಟ್ಟಲು ಆಗುತ್ತದೆಯೋ ಇಲ್ಲವೋ ಮೊದಲೇ ಕೂತು ಮಾತಾಡಿ. ಕಟ್ಟಿದ ಹಣಕ್ಕೆಲ್ಲ ರಸೀದಿ ತಗೊಳ್ಳಿ. ರಸೀದಿ ಇಲ್ಲದ ಡೊನೇಷನ್ ಕೇಳಿದರೆ ಕೊಡಬೇಡಿ. ಡೊನೇಷನ್ ಕೇಳುವುದು, ಸೇರಿಸಿಕೊಳ್ಳಲು ಮಗುವಿಗೋ ತಂದೆ ತಾಯಿಗೋ ಪರೀಕ್ಷೆ ಮಾಡುವುದು, ಎರಡೂ 2009ರ ಕಾಯ್ದೆ ಪ್ರಕಾರ ತಪ್ಪು.

"ಆರ್.ಟಿ.ಇ. ಸೀಟು ಕೊಡಿಸ್ತೀನಿ, ದುಡ್ಡು ಕೊಡಿ" ಅನ್ನುವವರನ್ನು ನಂಬಬೇಡಿ. 2012ರಿಂದ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ನೂರಕ್ಕೆ 25 ಸೀಟು ಸಿಗುತ್ತಿತ್ತು. 2019ರಲ್ಲಿ ನಮ್ಮ ರಾಜ್ಯದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂತಾಯಿತು. ಸೀಟು ಬಹಳ ಕಡಿಮೆಯಾದವು. ಇದರ ಬಗ್ಗೆ ಕೇಳುವುದಿದ್ದರೆ ಬಿ.ಇ.ಒ. ಕಚೇರಿಯಲ್ಲೇ ಕೇಳಿ.

ಫೀಸು ಬಾಕಿ ಅಂತ ಟಿ.ಸಿ. ಕೊಡದಿದ್ದರೆ?

ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಎಂಟನೇ ಕ್ಲಾಸಿನವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಗುವ ಹಕ್ಕು ಮಗುವಿಗೆ ಇದೆ. ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಅಂತ ಹೊಸ ಶಾಲೆಯವರು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕಾಯ್ದೆ ಹೀಗೆ ಹೇಳುತ್ತದೆ. ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ. ಟಿ.ಸಿ. ಆಮೇಲೆ ತರಿಸಬಹುದು.

ಸರ್ಕಾರಿ ಶಾಲೆಯನ್ನೂ ಒಮ್ಮೆ ಹೋಗಿ ನೋಡಿ

ಕಾನ್ವೆಂಟ್ ನೋಡುವ ಹಾಗೆ ನಿಮ್ಮೂರ ಸರ್ಕಾರಿ ಶಾಲೆಯನ್ನೂ ನೋಡಿ. ಎಷ್ಟು ಜನ ಮೇಷ್ಟ್ರು ಇದ್ದಾರೆ? ಹುಡುಗಿಯರಿಗೆ ಬೇರೆ ಶೌಚಾಲಯ ಇದೆಯಾ? ನೀರು ಬರುತ್ತದಾ? ಮೂರನೇ ಕ್ಲಾಸಿನ ಮಗು ಓದುತ್ತದಾ? ಇವೇ ಪ್ರಶ್ನೆಗಳನ್ನು ಕಾನ್ವೆಂಟಿನಲ್ಲೂ ಕೇಳಿ. ಅನುದಾನಿತ ಶಾಲೆ ಇದ್ದರೆ ಅದನ್ನೂ ನೋಡಿ. ಅಲ್ಲಿ ಮೇಷ್ಟ್ರ ಸಂಬಳ ಸರ್ಕಾರ ಕೊಡುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೂ ಬಿಸಿಯೂಟ ಇದೆ. ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಪಿಯುಸಿವರೆಗೆ ಒಂದೇ ಕಡೆ ಓದಬಹುದು.

ಕೊನೆಗೆ ಒಂದು ಮಾತು

ಆ ತಾಯಿಯ ದೊಡ್ಡ ಮಗಳು ಈಗ ಸರ್ಕಾರಿ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಓದು ನಿಲ್ಲಲಿಲ್ಲ, ಅದೇ ಸಮಾಧಾನ. ಈ ವರ್ಷ ಚಿಕ್ಕ ಮಗಳನ್ನು ಸೇರಿಸುವಾಗ ತಾಯಿ ತಾವೇ ಎರಡು ಶಾಲೆಗೆ ಹೋದರು. ಒಂದು ಕಡೆ ಮಾನ್ಯತೆ ಆದೇಶ ತೋರಿಸಿ ಅಂದರು. ಅಲ್ಲಿಯವರು "ನಿನಗೆ ಅದೆಲ್ಲ ಯಾಕಮ್ಮ?" ಅಂದರಂತೆ. ತಾಯಿ "ಓದಕ್ಕೆ" ಅಂದರಂತೆ. ಅವರು ತೋರಿಸಲಿಲ್ಲ. ಇವರು ಅಲ್ಲಿ ಸೇರಿಸಲಿಲ್ಲ. ಇನ್ನೊಂದು ಶಾಲೆಯಲ್ಲಿ ತೋರಿಸಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಅರ್ಜಿಗೆ ಸಹಿ ಹಾಕಿದರು.

ನೀವೂ ಹಾಗೇ ಮಾಡಿ. ಓದಿ, ಕೇಳಿ, ಆಮೇಲೆ ಸಹಿ ಹಾಕಿ.

ಓದಿ, ಮಾತಾಡಿ

1. ನಿಮ್ಮ ಊರಿನ ಮಕ್ಕಳು ಎಂಟನೇ ಕ್ಲಾಸಿಗೆ ಯಾವ ಶಾಲೆಗೆ ಹೋಗುತ್ತಾರೆ? ಎಷ್ಟು ದೂರ?
2. ಏಳನೇ ಕ್ಲಾಸಿಗೆ ಓದು ಬಿಟ್ಟ ಹುಡುಗಿಯರು ನಿಮ್ಮ ಬೀದಿಯಲ್ಲಿ ಇದ್ದಾರೆಯೇ? ಯಾಕೆ ಬಿಟ್ಟರು?
3. ನಿಮ್ಮ ಮಗುವಿನ ಸ್ಯಾಟ್ಸ್ ಸಂಖ್ಯೆ, ಶಾಲೆಯ ಯು-ಡೈಸ್ ಸಂಖ್ಯೆ ಕೇಳಿ ತಿಳಿದು, ನಿಮ್ಮ ಪುಸ್ತಕದಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ.