ಒಂದು ದಾಂಪತ್ಯದ ಮಹಜರು

ಶೆಡ್ಡಿನ ಗೋಡೆಯ ಮೇಲೆ ಮೂರು ರಕ್ತದ ಕಲೆಗಳು. ಬಾಲ್ಕನಿಯಲ್ಲಿ ನಿಂತವನ ತಲೆಗೆ ಭಾರವಾದದ್ದರಿಂದ ಯಾರೋ ಹೊಡೆದಿದ್ದರೆ ಮಾತ್ರ ರಕ್ತ ಅಷ್ಟು ದೂರಕ್ಕೆ, ಆ ಆಕಾರದಲ್ಲಿ ಸಿಡಿಯುತ್ತದೆ ಎನ್ನುತ್ತಾರೆ ಒಬ್ಬ ತಜ್ಞರು. ಮೇಲಿನ ಕಿಟಕಿಯಿಂದ ಬೀಳುವಾಗ ತಲೆ ಶೆಡ್ಡಿನ ಸೂರಿಗೆ ಬಡಿದಿದ್ದರೂ ಹೀಗೇ ಆಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಹತ್ತಿರವೂ ಲೆಕ್ಕವಿದೆ, ಚಿತ್ರವಿದೆ, ಅನುಭವವಿದೆ. ಕಲೆ ಮಾತ್ರ ಅವೇ ಮೂರು.

ಜುಸ್ತೀನ್ ತ್ರಿಯೆ ನಿರ್ದೇಶಿಸಿದ ಫ್ರೆಂಚ್ ಸಿನಿಮಾ ‘ಅನಾಟಮಿ ಆಫ್ ಎ ಫಾಲ್’ 2023ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ‘ಪಾಮ್ ದೋರ್’ ಪಡೆಯಿತು. ಆ ಉತ್ಸವದ ಚರಿತ್ರೆಯಲ್ಲಿ ಈ ಪ್ರಶಸ್ತಿ ಗೆದ್ದ ಮೂರನೆಯ ನಿರ್ದೇಶಕಿ ಆಕೆ. ಕೊಲೆಯೋ ಅಲ್ಲವೋ ಎಂಬ ಕುತೂಹಲ ಹುಟ್ಟಿಸುವ ಚಿತ್ರಗಳಿಗೆ ಬರವಿಲ್ಲ. ಈ ಚಿತ್ರದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಗಂಡ ಹೆಂಡತಿ ವರ್ಷಗಟ್ಟಲೆ ಒಂದೇ ಸೂರಿನಡಿ ಬದುಕಿದ್ದನ್ನು ನ್ಯಾಯಾಲಯವೊಂದು ತನ್ನ ಕಡತಕ್ಕೆ ಇಳಿಸಿಕೊಳ್ಳಲು ಹೊರಟಾಗ ಏನೇನು ಸೋರಿಹೋಗುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಮತ್ತೊಂದು ಚಿತ್ರ ನನಗೆ ಗೊತ್ತಿಲ್ಲ.

ಕಥೆ ಫ್ರಾನ್ಸಿನ ಗ್ರೆನೋಬ್ಲ್ ಬಳಿಯ ಆಲ್ಪ್ಸ್ ಬೆಟ್ಟದ ಒಂಟಿ ಮನೆಯಲ್ಲಿ ಶುರುವಾಗುತ್ತದೆ. ಸಾಂಡ್ರಾ ಜರ್ಮನ್ ಹೆಂಗಸು, ಹೆಸರಾಂತ ಕಾದಂಬರಿಕಾರ್ತಿ. ಗಂಡ ಸಾಮ್ಯುಯೆಲ್ ಫ್ರೆಂಚ್, ಅಧ್ಯಾಪಕ. ಬರೆಯಬೇಕೆಂದುಕೊಂಡು ಬರೆಯಲಾರದೆ ಉಳಿದವನು. ಮಗ ಡೇನಿಯಲ್‌ಗೆ ಹನ್ನೊಂದು ವರ್ಷ. ನಾಲ್ಕನೆಯ ವಯಸ್ಸಿನಲ್ಲಾದ ಅಪಘಾತದಿಂದ ಅವನ ಕಣ್ಣಿನ ನರಕ್ಕೆ ಪೆಟ್ಟಾಗಿ ದೃಷ್ಟಿ ಬಹುಪಾಲು ಹೋಗಿದೆ. ಆವತ್ತು ಅವನನ್ನು ಶಾಲೆಯಿಂದ ಕರೆತರಬೇಕಾಗಿದ್ದವನು ಅಪ್ಪ. ಒಂದು ದಿನ ಸಾಂಡ್ರಾಳ ಸಂದರ್ಶನಕ್ಕೆ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಾಳೆ. ಮೇಲಿನಿಂದ ಸಾಮ್ಯುಯೆಲ್ ಕಿವಿಗಡಚಿಕ್ಕುವಂತೆ ಹಾಡು ಹಾಕುತ್ತಾನೆ, ಅದೇ ಹಾಡು ಮತ್ತೆ ಮತ್ತೆ. ಸಂದರ್ಶನ ಅರ್ಧಕ್ಕೇ ನಿಲ್ಲುತ್ತದೆ. ಡೇನಿಯಲ್ ತನ್ನ ನಾಯಿ ಸ್ನೂಪ್ ಜೊತೆ ಅಡ್ಡಾಡಿ ಬರಲು ಹೋಗುತ್ತಾನೆ. ಮರಳಿದಾಗ ಅಪ್ಪ ಮನೆಯ ಮುಂದೆ ಹಿಮದ ಮೇಲೆ ಸತ್ತು ಬಿದ್ದಿದ್ದಾನೆ. ಹಾಡು ಇನ್ನೂ ನಿಂತಿಲ್ಲ. ನಾನು ಕಿವಿಗೆ ಬೆಣೆ ಇಟ್ಟುಕೊಂಡು ಮಲಗಿದ್ದೆ ಎನ್ನುತ್ತಾಳೆ ಸಾಂಡ್ರಾ.

ಬಿದ್ದನೋ, ಹಾರಿದನೋ, ದಬ್ಬಿದಳೋ? ಎರಡೂವರೆ ಗಂಟೆಯ ಚಿತ್ರದಲ್ಲಿ ಆ ಬೀಳುವಿಕೆಯನ್ನು ತ್ರಿಯೆ ನಮಗೆ ಒಮ್ಮೆಯೂ ತೋರಿಸುವುದಿಲ್ಲ. ಸಾಂಡ್ರಾಳ ಪರ ವಾದಿಸಲು ಬರುವ ಹಳೆಯ ಗೆಳೆಯ ವಿನ್ಸೆಂಟನಿಗೆ (ಸ್ವಾನ್ ಆರ್ಲೋ) ಅವಳು ‘ನಾನು ಕೊಂದಿಲ್ಲ’ ಎಂದಾಗ, ವಿಷಯ ಅದಲ್ಲ ಎಂದುಬಿಡುತ್ತಾನೆ. ಕಾಲುಜಾರಿ ಬಿದ್ದ ಎಂದರೆ ಯಾರೂ ನಂಬುವುದಿಲ್ಲ. ನಂಬುವಂಥ ದಾರಿ ಉಳಿದಿರುವುದು ಆತ್ಮಹತ್ಯೆ ಒಂದೇ ಎಂಬುದು ಅವನ ಲೆಕ್ಕಾಚಾರ. ಗಂಡನನ್ನು ಕಳೆದುಕೊಂಡವಳು ಈಗ ಆ ಗಂಡ ಬದುಕಲಾರದವನಾಗಿದ್ದ ಎಂದು ಸಾಬೀತು ಮಾಡಲು ಕೂರಬೇಕು.

ಇದರ ಹಿಂದಿರುವ ಫ್ರೆಂಚ್ ನ್ಯಾಯಪದ್ಧತಿಯ ತಿಳಿವಳಿಕೆ ಇದ್ದರೆ ಚಿತ್ರ ಇನ್ನಷ್ಟು ತೆರೆದುಕೊಳ್ಳುತ್ತದೆ. ಕೊಲೆಯಂಥ ಘೋರ ಅಪರಾಧಗಳು ಅಲ್ಲಿ ‘ಕೂರ್ ದಸೀಸ್’ ಎಂಬ ನ್ಯಾಯಾಲಯಕ್ಕೆ ಹೋಗುತ್ತವೆ. ಮೂವರು ನ್ಯಾಯಾಧೀಶರು, ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಆರು ಮಂದಿ ಸಾಮಾನ್ಯ ನಾಗರಿಕರು, ಎಲ್ಲರೂ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ತಪ್ಪಿತಸ್ಥೆ ಎನ್ನಲು ಒಂಬತ್ತರಲ್ಲಿ ಕನಿಷ್ಠ 7 ಮತ ಬೇಕು. ಆರೋಪಿ ಪ್ರಮಾಣ ಮಾಡುವ ಹಾಗಿಲ್ಲ. ಆದರೆ ವಿಚಾರಣೆಯುದ್ದಕ್ಕೂ ಅವಳನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಸಾಕ್ಷಿಯೊಬ್ಬರು ಹೇಳಿ ಮುಗಿಸುವಷ್ಟರಲ್ಲಿ ಇದಕ್ಕೆ ಏನು ಹೇಳುತ್ತೀರಿ ಎಂದು ಅವಳತ್ತ ತಿರುಗುತ್ತಾರೆ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಪುರಾವೆ ಯಾವ ರೂಪದಲ್ಲಿದ್ದರೂ ತರಬಹುದು. ಖಾಸಗಿ ವ್ಯಕ್ತಿ ಗುಟ್ಟಾಗಿ ಮಾಡಿಕೊಂಡ ಧ್ವನಿಮುದ್ರಣವನ್ನೂ ತಳ್ಳಿಹಾಕುವುದಿಲ್ಲ. ಜೊತೆಗೆ ಆರೋಪಿಯ ಸ್ವಭಾವ, ಬಾಳುವೆ, ಹಿಂದಿನ ಸಂಬಂಧಗಳೆಲ್ಲ ವಿಚಾರಣೆಯ ಅಧಿಕೃತ ಭಾಗ. ನಮ್ಮಲ್ಲಿ ಆರೋಪಿಯ ನಡತೆ ಕೆಟ್ಟದ್ದೆಂಬುದನ್ನು ಸಾಮಾನ್ಯವಾಗಿ ಪುರಾವೆಯಾಗಿ ಎತ್ತುವಂತಿಲ್ಲ. ಅಲ್ಲಿ ಆಕೆ ಎಂಥವಳು ಎಂಬುದರಿಂದಲೇ ಮಾತು ಶುರು.

ಕೊನೆಗೆ ತೀರ್ಪು ಕೊಡುವವರಿಗೆ ಅಲ್ಲಿನ ಕಾನೂನು ಕೇಳುವ ಪ್ರಶ್ನೆ ಒಂದೇ: ಇದೆಲ್ಲ ಕೇಳಿದ ಮೇಲೆ ನಿಮ್ಮ ಅಂತರಂಗಕ್ಕೆ ಮನವರಿಕೆ ಆಗಿದೆಯೇ? ಇಷ್ಟು ಸಾಕ್ಷಿಗೆ ಇಷ್ಟು ತೂಕ ಎಂಬ ನಿಯಮವಿಲ್ಲ. ಹೀಗಾಗಿ ವಕೀಲರಿಬ್ಬರೂ ನಂಬಿಸುವಂಥ ಕಥೆ ಕಟ್ಟಬೇಕಾಗುತ್ತದೆ. ಸರ್ಕಾರಿ ವಕೀಲನಾಗಿ ಆಂಟ್ವಾನ್ ರೈನಾರ್ಟ್ಸ್ ಕೆಂಪು ನಿಲುವಂಗಿಯಲ್ಲಿ ಓಡಾಡುತ್ತ, ಸಾಂಡ್ರಾಳ ಒಂದೊಂದು ಮಾತನ್ನೂ ಎತ್ತಿಕೊಂಡು ತಿರುಚುವುದನ್ನು ನೋಡಿದರೆ ಅವನೂ ಒಬ್ಬ ಕಾದಂಬರಿಕಾರನೇ ಅನ್ನಿಸುತ್ತದೆ.

ಚಿತ್ರದ ಹೃದಯ ಇರುವುದು ಒಂದು ಧ್ವನಿಮುದ್ರಣದಲ್ಲಿ. ಸಾಮ್ಯುಯೆಲ್ ಮನೆಯ ಮಾತುಕತೆಗಳನ್ನು ಬರವಣಿಗೆಗೆ ಸರಕೆಂದು ಗುಟ್ಟಾಗಿ ಮುದ್ರಿಸಿಕೊಳ್ಳುತ್ತಿದ್ದ. ಸಾಯುವ ಹಿಂದಿನ ದಿನದ ಜಗಳವೂ ಅದರಲ್ಲಿದೆ. ನ್ಯಾಯಾಲಯದಲ್ಲಿ ಅದನ್ನು ಹಾಕುತ್ತಾರೆ. ಒಂದೆರಡು ಮಾತು ಕೇಳುತ್ತಿದ್ದಂತೆ ತ್ರಿಯೆ ನಮ್ಮನ್ನು ನೇರವಾಗಿ ಆ ಅಡುಗೆಮನೆಗೆ ಕರೆದೊಯ್ಯುತ್ತಾಳೆ.

ನನಗೆ ಸಮಯವೇ ಇಲ್ಲ ಎನ್ನುತ್ತಾನೆ ಅವನು. ಮಗನ ಪಾಠ, ಮನೆ ರಿಪೇರಿ, ತನ್ನ ಕೆಲಸ, ಇದರ ನಡುವೆ ಬರೆಯಲು ಗಂಟೆ ಹೊತ್ತೂ ಸಿಗುತ್ತಿಲ್ಲ. ನೀನು ಮಾತ್ರ ಬರೆಯುತ್ತಲೇ ಇದ್ದೀಯ. ಮಗನನ್ನು ಮನೆಯಲ್ಲೇ ಓದಿಸುತ್ತೇನೆಂದವನು ನೀನೇ, ಲಂಡನ್ ಬಿಟ್ಟು ನಿನ್ನ ಊರಿಗೆ ಬರೋಣ ಎಂದವನೂ ನೀನೇ, ನಾನೇನು ಕೇಳಿದ್ದೆನೇ ಎನ್ನುತ್ತಾಳೆ ಅವಳು. ನಾನು ಅರ್ಧಕ್ಕೆ ಬಿಟ್ಟ ಪುಸ್ತಕದ ಹೊಳಹು ಕದ್ದೆ ಎನ್ನುತ್ತಾನೆ. ನೀನು ಕೈಬಿಟ್ಟಿದ್ದೆ, ಕೇಳಿಯೇ ತೆಗೆದುಕೊಂಡೆ ಎನ್ನುತ್ತಾಳೆ. ಅವಳು ಬೇರೆ ಹೆಂಗಸಿನೊಡನೆ ಇಟ್ಟುಕೊಂಡಿದ್ದ ಸಂಬಂಧ ಮೇಲೆ ಬರುತ್ತದೆ, ಮಗನ ಅಪಘಾತದ ಪಾಪ ಯಾರ ತಲೆಗೆ ಎಂಬುದು ಬರುತ್ತದೆ. ಅವಳು ಮೊದಮೊದಲು ತಾಳ್ಮೆಯಿಂದಲೇ ಉತ್ತರಿಸುತ್ತಾಳೆ. ಆ ತಾಳ್ಮೆಯೇ ಅವನನ್ನು ಇನ್ನಷ್ಟು ಕೆರಳಿಸುತ್ತದೆ. ಇಬ್ಬರ ಮಾತಿನಲ್ಲೂ ನಿಜವಿದೆ. ಒಬ್ಬರ ಪರ ನಿಲ್ಲೋಣವೆಂದು ಮನಸ್ಸು ಮಾಡುವಷ್ಟರಲ್ಲಿ ಇನ್ನೊಬ್ಬರ ಮಾತು ಬಂದು ನಾಟುತ್ತದೆ. ಮದುವೆಯಾಗಿ ಹತ್ತು ವರ್ಷ ಕಳೆದ ಯಾರಿಗೇ ಆದರೂ ಈ ದೃಶ್ಯದಲ್ಲಿ ಒಂದಾದರೂ ತಮ್ಮದೇ ವಾಕ್ಯ ಕೇಳಿಸೀತು.

ದನಿ ಏರುತ್ತದೆ. ಕೈ ಎತ್ತುವ ಹೊತ್ತು ಬಂತು ಅನ್ನುವಾಗ ತ್ರಿಯೆ ದೃಶ್ಯವನ್ನು ಕತ್ತರಿಸಿ ನಮ್ಮನ್ನು ಮತ್ತೆ ನ್ಯಾಯಾಲಯಕ್ಕೆ ತಂದು ಕೂರಿಸುತ್ತಾಳೆ. ಈಗ ಬರೀ ಸದ್ದು. ಗಾಜು ಒಡೆದದ್ದು, ಏಟು ಬಿದ್ದದ್ದು, ಧಡ್ ಎಂದದ್ದು, ಏದುಸಿರು. ಕೇಳುತ್ತಿರುವವರ ಮುಖಗಳಷ್ಟೇ ಕಾಣುತ್ತವೆ. ಲೋಟ ಎಸೆದದ್ದು ನಾನೇ, ಅವನ ಕೆನ್ನೆಗೆ ಹೊಡೆದದ್ದೂ ನಾನೇ; ಆಮೇಲಿನ ಸದ್ದೆಲ್ಲ ಅವನು ತನ್ನನ್ನು ತಾನೇ ಚಚ್ಚಿಕೊಂಡದ್ದು, ಗೋಡೆಗೆ ಗುದ್ದಿದ್ದು ಎಂದು ಸಾಂಡ್ರಾ ವಿವರಿಸುತ್ತಾಳೆ. ನಂಬಬೇಕೋ ಬೇಡವೋ? ಎಲ್ಲಿ ಕಣ್ಣು ಬೇಕಿತ್ತೋ ಸರಿಯಾಗಿ ಅಲ್ಲೇ ನಮ್ಮ ಕಣ್ಣು ಕಟ್ಟಿದ್ದಾರೆ. ಆ ಜ್ಯೂರಿಗೂ ನಮಗೂ ಆಗ ಏನೂ ವ್ಯತ್ಯಾಸ ಉಳಿದಿಲ್ಲ. ಕಣ್ಣು ಕಾಣದ ಡೇನಿಯಲ್‌ಗೂ ನಮಗೂ ವ್ಯತ್ಯಾಸವಿಲ್ಲ. ಅವನೂ ಅಲ್ಲೇ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾನೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಈ ಜಗಳ ಮುಗಿಯುವ ಮೊದಲೇ ಒಬ್ಬ ಸತ್ತಿದ್ದಾನೆ. ಅದಕ್ಕೇ ಅದು ಇಡೀ ದಾಂಪತ್ಯದ ಕೊನೆಯ ಮಾತಾಗಿ ಕಡತದಲ್ಲಿ ಕೂತುಬಿಟ್ಟಿದೆ. ನೀವು ಕೇಳಿದ್ದು ನಿಜವೇ, ಆದರೆ ನಮ್ಮ ಬದುಕಿನ ಒಂದು ಸಣ್ಣ ತುಣುಕು ಅದು ಎಂದು ಸಾಂಡ್ರಾ ಬೇರೆ ಬೇರೆ ರೀತಿಯಲ್ಲಿ ಹೇಳಲು ಯತ್ನಿಸುತ್ತಾಳೆ. ಸತ್ತವನ ಮನೋವೈದ್ಯ ಬಂದು ಅವನ ನೋವನ್ನು ವರ್ಣಿಸಿದಾಗಲೂ ಅವಳ ಉತ್ತರ ಇದೇ. ನ್ಯಾಯಾಲಯಕ್ಕೆ ತುಣುಕಷ್ಟೇ ಸಿಗುತ್ತದೆ. ಸಿಕ್ಕಿದ್ದರಲ್ಲೇ ಅದು ಇಡೀ ಆಕೃತಿ ಕಾಣಬೇಕು.

ಸಿಗುವ ಆ ಆಕೃತಿ ಹೆಂಗಸಿನದ್ದಾದಾಗ ಇನ್ನೊಂದು ಸಂಗತಿ ನಡೆಯುತ್ತದೆ, ಅದನ್ನು ತ್ರಿಯೆ ಕೂಗಾಡದೆ ಕಾಣಿಸುತ್ತಾಳೆ. ಗಂಡನಿಗಿಂತ ಗೆದ್ದವಳು, ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವವಳು, ಅಪರಾಧಿ ಭಾವದಲ್ಲಿ ತಲೆ ತಗ್ಗಿಸಲು ಒಪ್ಪದವಳು. ಸರ್ಕಾರಿ ವಕೀಲನಿಗೆ ಇಷ್ಟು ಸಾಕು. ಅವಳ ಕಾದಂಬರಿಯ ಒಂದು ಪಾತ್ರ ಗಂಡನನ್ನು ಕೊಲ್ಲುವ ಯೋಚನೆ ಮಾಡುವ ಭಾಗವನ್ನು ಅವನು ನ್ಯಾಯಾಲಯದಲ್ಲಿ ಓದುತ್ತಾನೆ. ಹಾಗಾದರೆ ಸ್ಟೀಫನ್ ಕಿಂಗ್ ಸರಣಿ ಹಂತಕನೋ ಎಂದು ವಿನ್ಸೆಂಟ್ ಕೇಳಬೇಕಾಗುತ್ತದೆ. ಫ್ರೆಂಚ್ ಸಿನಿಮಾಕ್ಕೆ ಈ ದಾರಿ ಹೊಸದಲ್ಲ. 1960ರಲ್ಲೇ ಆನ್ರಿ ಜಾರ್ಜ್ ಕ್ಲೂಜೊ ‘ಲಾ ವೆರಿತೆ’ ಚಿತ್ರದಲ್ಲಿ ಬ್ರಿಜಿತ್ ಬಾರ್ದೋಳನ್ನು ಕಟಕಟೆಯಲ್ಲಿ ನಿಲ್ಲಿಸಿದ್ದ. ಅಲ್ಲೂ ಕೊಲೆಗಿಂತ ಹೆಚ್ಚಾಗಿ ವಿಚಾರಣೆ ನಡೆದದ್ದು ಅವಳ ಬದುಕಿನ ರೀತಿಯದು. ಬಾರ್ದೋಳ ಪಾತ್ರ ಆ ಭಾರ ತಾಳಲಾರದೆ ಪ್ರಾಣ ಕಳೆದುಕೊಳ್ಳುತ್ತದೆ. ತ್ರಿಯೆಯ ಸಾಂಡ್ರಾ ತನ್ನ ಬದುಕಿಗೆ ಕ್ಷಮೆ ಕೇಳುವುದಿಲ್ಲ. ಅರವತ್ತಮೂರು ವರ್ಷಗಳಲ್ಲಿ ಆದ ಬದಲಾವಣೆ ಅದು. ಪ್ರಶ್ನೆಗಳು ಮಾತ್ರ ಹೆಚ್ಚು ಬದಲಾಗಿಲ್ಲ.

ಅವಳಿಗೆ ಭಾಷೆಯೂ ವೈರಿ. ಮನೆಯಲ್ಲಿ ಗಂಡನೊಂದಿಗೆ ಆಡುತ್ತಿದ್ದದ್ದು ಇಂಗ್ಲಿಷ್, ಇಬ್ಬರದ್ದೂ ಅಲ್ಲದ ಭಾಷೆ. ನ್ಯಾಯಾಲಯದಲ್ಲಿ ಫ್ರೆಂಚ್ ಆಡಬೇಕು. ತಡವರಿಸಿ ತಡವರಿಸಿ ಒಂದು ಹಂತದಲ್ಲಿ ಅವಳು ಸೋತು ಇಂಗ್ಲಿಷಿಗೆ ಜಾರುತ್ತಾಳೆ. ತನ್ನ ಮದುವೆಯನ್ನು ಅಪರಿಚಿತರ ಮುಂದೆ ಪರಭಾಷೆಯಲ್ಲಿ ಸಮರ್ಥಿಸಿಕೊಳ್ಳುವ ದೈನ್ಯವನ್ನು ಜರ್ಮನ್ ನಟಿ ಸಾಂಡ್ರಾ ಹ್ಯೂಲರ್ ಕಣ್ಣಲ್ಲೇ ಹಿಡಿದಿದ್ದಾರೆ. ನನ್ನ ಪಾತ್ರ ಕೊಂದಿದೆಯೋ ಇಲ್ಲವೋ ಎಂದು ಹ್ಯೂಲರ್ ಕೇಳಿದಾಗ ನಿರ್ದೇಶಕಿ ಹೇಳಿದ್ದು, ನಿರಪರಾಧಿಯಂತೆ ನಟಿಸು ಎಂದಷ್ಟೇ. ಆ ಉತ್ತರದ ಅಂತರ ಇಡೀ ಅಭಿನಯದಲ್ಲಿ ಉಳಿದುಕೊಂಡಿದೆ.

ಇಷ್ಟೆಲ್ಲದರ ಭಾರ ಬೀಳುವುದು ಹುಡುಗನ ಮೇಲೆ. ಮಿಲೊ ಮಚಾಡೊ ಗ್ರಾನೆರ್ ಎಂಬ ಬಾಲನಟ ಡೇನಿಯಲ್ ಪಾತ್ರದಲ್ಲಿ ಮಾಡಿರುವುದನ್ನು ಹೊಗಳಲು ಪದ ಹುಡುಕಬೇಕು. ಅವನೇ ಮುಖ್ಯ ಸಾಕ್ಷಿ. ತಾಯಿ ಮಗನ ಸಾಕ್ಷ್ಯವನ್ನು ತಿದ್ದದಂತೆ ನೋಡಿಕೊಳ್ಳಲು ಮಾರ್ಜ್ ಎಂಬ ಯುವತಿಯನ್ನು ನ್ಯಾಯಾಲಯವೇ ಮನೆಯಲ್ಲಿ ಇರಿಸಿದೆ. ಮೊದಲ ಸಲ ಅವನು ಹೇಳಿದ್ದು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ: ಅಪ್ಪ ಅಮ್ಮ ಶಾಂತವಾಗಿ ಮಾತಾಡುತ್ತಿದ್ದುದು ಹೊರಗಿನಿಂದ ಕೇಳಿಸಿತು ಎಂದಿದ್ದ, ಆ ಹಾಡಿನ ಸದ್ದಿನಲ್ಲಿ ಅದು ಸಾಧ್ಯವೇ ಇಲ್ಲ ಎಂದು ಪೊಲೀಸರ ಪ್ರಯೋಗ ತೋರಿಸುತ್ತದೆ. ಆಮೇಲೆ ಅವನೇ ಒಂದು ಪ್ರಯೋಗ ಮಾಡುತ್ತಾನೆ. ಆರು ತಿಂಗಳ ಹಿಂದೆ ಅಪ್ಪ ಆಸ್ಪಿರಿನ್ ನುಂಗಿ ಸಾಯಲು ಹೋಗಿದ್ದ ಎಂದು ಅಮ್ಮ ಹೇಳಿದ್ದಾಳೆ. ಆ ದಿನಗಳಲ್ಲೇ ಸ್ನೂಪ್ ಕಾಯಿಲೆ ಬಿದ್ದದ್ದು, ಅಪ್ಪನ ವಾಂತಿ ತಿಂದದ್ದರಿಂದ ಇದ್ದೀತೇ? ತನ್ನ ಪ್ರಾಣದಂಥ ನಾಯಿಗೆ ಅವನು ಮಾತ್ರೆ ತಿನ್ನಿಸುತ್ತಾನೆ. ನಾಯಿ ಕುಸಿಯುತ್ತದೆ. ಮಾರ್ಜ್ ಸಹಾಯದಿಂದ ಉಪ್ಪುನೀರು ಕುಡಿಸಿ ಉಳಿಸಿಕೊಳ್ಳುತ್ತಾರೆ. ದೊಡ್ಡವರ ತಜ್ಞತೆಯೆಲ್ಲ ಸೋತ ಜಾಗದಲ್ಲಿ ಒಂದು ಮಗು ಸತ್ಯಕ್ಕಾಗಿ ತನಗೆ ಅತ್ಯಂತ ಪ್ರಿಯವಾದದ್ದನ್ನೇ ಒಡ್ಡುವ ಈ ದೃಶ್ಯವನ್ನು ನೋಡುವುದು ಸುಲಭವಲ್ಲ.

ಅದರಿಂದಲೂ ಖಚಿತವಾಗಿ ಏನೂ ಸಿಗುವುದಿಲ್ಲ. ಯಾವುದನ್ನು ನಂಬಬೇಕೆಂದು ತಿಳಿಯದೆ ಅಳುವ ಹುಡುಗನಿಗೆ ಮಾರ್ಜ್ ಹೇಳುವುದಿಷ್ಟು: ಗೊತ್ತಾಗದಿದ್ದಾಗ ನಿರ್ಧರಿಸಬೇಕು. ಅವನು ನಿರ್ಧರಿಸುತ್ತಾನೆ. ನ್ಯಾಯಾಲಯದಲ್ಲಿ ನಿಂತು, ನಾಯಿಯನ್ನು ಪಶುವೈದ್ಯರ ಬಳಿ ಕರೆದೊಯ್ಯುವಾಗ ಕಾರಿನಲ್ಲಿ ಅಪ್ಪ ಆಡಿದ ಮಾತು ನೆನೆಯುತ್ತಾನೆ: ಸ್ನೂಪ್ ಒಂದು ದಿನ ಹೋಗುತ್ತದೆ, ನೀನು ಸಿದ್ಧನಾಗಿರು, ಕಷ್ಟವಾದರೂ ನಿನ್ನ ಬದುಕು ಅಲ್ಲಿಗೇ ಮುಗಿಯುವುದಿಲ್ಲ. ಅಪ್ಪ ತನ್ನ ಬಗ್ಗೆಯೇ ಹೇಳುತ್ತಿದ್ದ ಎಂದು ಈಗ ಅನ್ನಿಸುತ್ತಿದೆ ಎನ್ನುತ್ತಾನೆ. ಪರದೆಯ ಮೇಲೆ ಸಾಮ್ಯುಯೆಲ್ ಕಾರು ಓಡಿಸುತ್ತಿದ್ದಾನೆ, ತುಟಿಗಳು ಆಡುತ್ತಿವೆ. ಕೇಳಿಸುವ ದನಿ ಮಾತ್ರ ಮಗನದ್ದು. ಜಗಳದ ದೃಶ್ಯದಲ್ಲಿ ನಿಜವಾದ ಸದ್ದು ಇತ್ತು, ಚಿತ್ರವನ್ನು ಕಸಿದಿದ್ದರು. ಇಲ್ಲಿ ಚಿತ್ರ ಇದೆ, ಅದರ ದನಿ ಬೇರೆಯವರದು. ಈ ನೆನಪು ನಡೆದದ್ದೋ, ಹುಡುಗ ಕಟ್ಟಿದ್ದೋ ಎಂಬ ಪ್ರಶ್ನೆಯನ್ನು ತ್ರಿಯೆ ಒಂದು ಮಾತೂ ಆಡದೆ ಅಲ್ಲಿ ಇಟ್ಟುಬಿಟ್ಟಿದ್ದಾಳೆ. ಇದು ಪುರಾವೆಯಲ್ಲ ಎನ್ನುತ್ತಾನೆ ಸರ್ಕಾರಿ ವಕೀಲ. ಅವನ ಮಾತೂ ಸರಿಯೇ.

ಚಿತ್ರಕಥೆಯನ್ನು ತ್ರಿಯೆ ತನ್ನ ಬಾಳಸಂಗಾತಿ ಆರ್ಥರ್ ಹರಾರಿಯೊಂದಿಗೆ ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ, ಮಕ್ಕಳೊಂದಿಗೆ ಮನೆಯೊಳಗೇ ಇದ್ದಾಗ ಬರೆದಳು. ಆ ಅಡುಗೆಮನೆಯ ಜಗಳಕ್ಕೆ ಅಷ್ಟು ಕಸುವು ಎಲ್ಲಿಂದ ಬಂತೆಂದು ಇದರಿಂದ ಊಹಿಸಬಹುದು. 2024ರಲ್ಲಿ ಇಬ್ಬರಿಗೂ ಅತ್ಯುತ್ತಮ ಮೂಲ ಚಿತ್ರಕಥೆಯ ಆಸ್ಕರ್ ಬಂತು. ಫ್ರಾನ್ಸ್ ಮಾತ್ರ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಇದನ್ನು ಕಳಿಸದೆ ಬೇರೊಂದು ಚಿತ್ರವನ್ನು ಆರಿಸಿತ್ತು. ಕಾನ್ ವೇದಿಕೆಯಲ್ಲಿ ಪ್ರಶಸ್ತಿ ಹಿಡಿದು ತ್ರಿಯೆ ಸರ್ಕಾರವನ್ನು ಕಟುವಾಗಿ ಟೀಕಿಸಿದ್ದೇ ಇದಕ್ಕೆ ಕಾರಣವೆಂದು ಮಾತಾಡಿಕೊಂಡವರಿದ್ದಾರೆ. ಸ್ನೂಪ್ ಆಗಿ ನಟಿಸಿದ ನಾಯಿ ಮೆಸ್ಸಿಗೆ ಕಾನ್‌ನಲ್ಲಿ ನಾಯಿಗಳಿಗೆಂದೇ ಕೊಡುವ ‘ಪಾಮ್ ಡಾಗ್’ ದಕ್ಕಿತು. ಅದು ಸರಿಯಾದ ಗೌರವ.

ಸಾಂಡ್ರಾ ಖುಲಾಸೆಯಾಗುತ್ತಾಳೆ. ಇದನ್ನು ಹೇಳಿಬಿಟ್ಟರೆ ಚಿತ್ರ ಕೆಡುವುದಿಲ್ಲ, ಏಕೆಂದರೆ ತೀರ್ಪು ಬಂದ ಮೇಲೂ ನಮ್ಮ ಅನುಮಾನ ಅಲ್ಲಾಡುವುದಿಲ್ಲ. ಗೆದ್ದ ರಾತ್ರಿ ವಕೀಲರೊಂದಿಗೆ ಊಟಕ್ಕೆ ಕೂತವಳು, ಗೆದ್ದರೆ ಏನೋ ಸಿಗುತ್ತದೆ ಅಂದುಕೊಂಡಿರುತ್ತೇವೆ, ಏನೂ ಸಿಗುವುದಿಲ್ಲ ಎಂಬರ್ಥದ ಮಾತಾಡುತ್ತಾಳೆ. ಮನೆಗೆ ಹೋದರೆ ಮಗ, ನೀನು ಬರುವುದಕ್ಕೆ ಹೆದರಿದ್ದೆ ಎನ್ನುತ್ತಾನೆ. ನನಗೂ ಹೆದರಿಕೆಯಿತ್ತು ಎನ್ನುತ್ತಾಳೆ ತಾಯಿ. ಚಿತ್ರದೊಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಕಾನೂನಿನಲ್ಲಿದೆ: 2002ರಿಂದ ಫ್ರಾನ್ಸಿನಲ್ಲಿ ಇಂಥ ಖುಲಾಸೆಯ ಮೇಲೂ ಸರ್ಕಾರ ಮೇಲ್ಮನವಿ ಹೋಗಬಹುದು. ಅದಕ್ಕೆ ಹತ್ತು ದಿನಗಳ ಅವಕಾಶವಿದೆ. ಮೇಲ್ಮನವಿ ಹೋದರೆ ಹೊಸ ಜ್ಯೂರಿಯ ಮುಂದೆ ಎಲ್ಲವೂ ಮೊದಲಿನಿಂದ. ಡೇನಿಯಲ್ ಮತ್ತೆ ಸಾಕ್ಷಿ ಹೇಳಬೇಕಾಗಬಹುದು.